ಐದು ಗಂಟೆಯೋ, ಏಳು ಗಂಟೆಯೋ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಪತಿಗೆ 41, ಲೆಕ್ಕಪರಿಶೋಧನೆಯ ಕೆಲಸ. ಪತ್ನಿಗೆ 37, ಶಿಕ್ಷಕಿ. ಮದುವೆಯಾಗಿ 11 ವರ್ಷ, ಆರು ವರ್ಷದ ಮಗಳು. ದಾಂಪತ್ಯ ಸಮಾಲೋಚನೆಗೆಂದು ನಮ್ಮಲ್ಲಿಗೆ ಬಂದಾಗ ಇಬ್ಬರ ದೂರೂ ಒಂದೇ: ಬಾಯಿ ಬಿಟ್ಟರೆ ಜಗಳ, ಬಿಡದಿದ್ದರೆ ದಿನಗಟ್ಟಲೆ ಮೌನ.

ಹೊಡೆತ, ಬೆದರಿಕೆ, ಹಣದ ಮೋಸ ಯಾವುದೂ ಇಲ್ಲವೆಂಬುದನ್ನು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಜೋಡಿಯಾಗಿ ಮಾತು ಶುರುವಾಯಿತು. ಈ ಹೆಜ್ಜೆಯನ್ನು ಬಿಡುವಂತಿಲ್ಲ. ಹೆದರಿಕೆಯಲ್ಲಿ ಬದುಕುತ್ತಿರುವವರಿಗೆ "ನಾನೇ ಸರಿ ಅನ್ನೋ ಹಟ ಬಿಡಿ" ಎಂದು ಹೇಳಿದರೆ ಅವರನ್ನು ಇನ್ನಷ್ಟು ಅಪಾಯಕ್ಕೆ ತಳ್ಳಿದಂತೆ. ಕಣ್ಣಾರೆ ಕಂಡದ್ದನ್ನೂ "ಹಾಗೆ ಆಗಲೇ ಇಲ್ಲ, ಎಲ್ಲಾ ನಿನ್ನ ಭ್ರಮೆ" ಎಂದು ದಿನವೂ ಕೇಳಿಸಿಕೊಳ್ಳುವವರು ತಮ್ಮ ನೆನಪನ್ನು ಬರೆದಿಟ್ಟುಕೊಳ್ಳಬೇಕು, ಬಿಟ್ಟುಕೊಡಬಾರದು. ಮುಂದೆ ಹೇಳುವುದು ಅಂಥ ಮನೆಗಳಿಗೆ ಅನ್ವಯಿಸುವುದಿಲ್ಲ.

ಮೊದಲ ಭೇಟಿ ಶುರುವಾಗಿ ಹತ್ತು ನಿಮಿಷವಾಗಿರಲಿಲ್ಲ, ಪತಿ ಫೋನ್ ತೆಗೆದರು. ಒಂದು ಫೋಲ್ಡರ್, ಅದರ ತುಂಬ ತಾರೀಖಿನ ಪ್ರಕಾರ ಜೋಡಿಸಿದ ಸ್ಕ್ರೀನ್‌ಶಾಟ್‌ಗಳು. ಒಂದನ್ನು ಎರಡು ಬೆರಳಿಂದ ದೊಡ್ಡದು ಮಾಡಿ ಮುಂದೆ ಹಿಡಿದರು. ಮಧ್ಯಾಹ್ನ 2.40ರ ಸಂದೇಶ: "ಏಳಕ್ಕೆ ಬರ್ತೀನಿ." ಪತ್ನಿ ಅದರತ್ತ ತಿರುಗಲೇ ಇಲ್ಲ. "ಬೆಳಿಗ್ಗೆ ಫೋನಲ್ಲಿ ಐದು ಅಂದಿದ್ರಿ," ಎಂದರು. ಅದು ನಾಲ್ಕು ತಿಂಗಳ ಹಿಂದಿನ ಸಂಜೆಯ ಮಾತು. ಅಂದಿನಿಂದಲೂ ಐದೋ ಏಳೋ ಎಂಬುದು ತೀರ್ಮಾನವಾಗಿರಲಿಲ್ಲ.

ಬಿಡಿಸಿ ಕೇಳಿದಾಗ ಇಬ್ಬರೂ ಹೇಳಿದ್ದು ನಿಜವೇ ಎಂದು ತಿಳಿಯಿತು. ಬೆಳಿಗ್ಗೆ ಐದು ಎಂದಿದ್ದರು, ಕೆಲಸ ಹೆಚ್ಚಾಗಿ ಮಧ್ಯಾಹ್ನ ಏಳು ಎಂದು ಬರೆದರು. ಆಕೆ ಆ ಸಂದೇಶ ನೋಡಿರಲಿಲ್ಲ. ಯಾಕೆ ನೋಡಲಿಲ್ಲ ಎಂದು ನಾಲ್ಕು ತಿಂಗಳಲ್ಲಿ ಒಮ್ಮೆಯೂ ಮಾತು ಬಂದಿರಲಿಲ್ಲ. "ಮಗಳಿಗೆ 103 ಜ್ವರ ಇತ್ತು. ಒದ್ದೆ ಬಟ್ಟೆಯಲ್ಲಿ ಮೈ ಒರೆಸ್ತಾ ಕೂತಿದ್ದೆ. ಗಡಿಯಾರ ನೋಡಿದ್ದು ಬಿಟ್ರೆ ಬೇರೇನೂ ನೋಡ್ಲಿಲ್ಲ."

ಇಡೀ ಪ್ರಕರಣದ ಗಂಟು ಇಲ್ಲಿದೆ. ಎಷ್ಟು ಗಂಟೆಗೆ ಎಂಬುದು ಮೇಲಿನ ಪದರ. ಭಯದಲ್ಲಿ ಒಬ್ಬಳೇ ಕೂತಿದ್ದೆ ಎಂಬುದು ಅಡಿಯ ಪದರ. ಮೇಲಿನದಕ್ಕೆ ಎಷ್ಟೇ ಗಟ್ಟಿ ಸಾಕ್ಷಿ ತಂದರೂ ಅಡಿಯದು ಇದ್ದ ಹಾಗೇ ಇರುತ್ತದೆ. ಸಾಕ್ಷಿ ಹೆಚ್ಚಿದಷ್ಟೂ ಆಕೆಗೆ ಕೇಳಿಸುತ್ತಿದ್ದದ್ದು ಒಂದೇ: ನಿನ್ನ ಭಯಕ್ಕೆ ಲೆಕ್ಕವಿಲ್ಲ. ಪತಿ ಹೆಚ್ಚಿನ ಸಲ ಸರಿಯಾಗಿಯೇ ಇರುತ್ತಿದ್ದರು ಎಂಬುದನ್ನು ಒಪ್ಪಲೇಬೇಕು. ತಪ್ಪಾಗಿದ್ದರೆ ಎಂದೋ ಸೋತು ಸುಮ್ಮನಾಗುತ್ತಿದ್ದರೇನೋ. ಪ್ರತಿ ಸಲ ಗೆಲ್ಲುತ್ತಿದ್ದುದರಿಂದಲೇ ಆ ಚಟ ಬಿಡಲಿಲ್ಲ. ಅವರ ಉದ್ಯೋಗದಲ್ಲಿ ತಪ್ಪು ಹಿಡಿಯುವುದೇ ಕೆಲಸ, ದಾಖಲೆಯಿಲ್ಲದ ಮಾತಿಗೆ ಬೆಲೆಯಿಲ್ಲ. ಸಂಜೆ ಮನೆಗೆ ಬಂದ ಮೇಲೂ ಅದೇ ಕಣ್ಣು ತೆರೆದಿರುತ್ತಿತ್ತು.

ಪತ್ನಿಯ ಪಾಲೂ ಇತ್ತು. ಆಕೆಯ ಮಾತು "ಯಾವಾಗ್ಲೂ", "ಒಂದು ದಿನಾನೂ" ಎಂದೇ ಶುರುವಾಗುತ್ತಿತ್ತು. ಇಂಥ ಮಾತನ್ನು ಒಂದೇ ಒಂದು ಉದಾಹರಣೆ ಕೊಟ್ಟು ಸುಳ್ಳು ಮಾಡಬಹುದು, ಪತಿ ತಕ್ಷಣ ಫೋಲ್ಡರ್ ತೆರೆಯುತ್ತಿದ್ದರು. ಜೊತೆಗೆ ಅಕ್ಕನನ್ನು ಸಾಕ್ಷಿಗೆ ಕರೆಯುವ ಅಭ್ಯಾಸ: "ಅಕ್ಕನೂ ಹಾಗೇ ಹೇಳ್ತಾಳೆ, ಕೇಳಿ ಬೇಕಾದ್ರೆ." ಮೂರನೆಯವರ ತೀರ್ಪು ಬಂದ ಕ್ಷಣ ಅಲ್ಲಿ ಗಂಡ ಹೆಂಡತಿ ಉಳಿಯುವುದಿಲ್ಲ, ಎರಡು ಪಕ್ಷಗಳಾಗುತ್ತವೆ.

ಎರಡನೇ ಭೇಟಿಯಲ್ಲಿ ನೆನಪಿನ ಬಗ್ಗೆ ಒಂದು ವಿಷಯ ಹೇಳಲಾಯಿತು. 1986ರ ಜನವರಿಯಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡ ಮರುದಿನವೇ ನೈಸರ್ ಮತ್ತು ಹಾರ್ಷ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಂದ, ಸುದ್ದಿ ತಿಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದು ಬರೆಸಿಕೊಂಡರು. ಸುಮಾರು ಎರಡೂವರೆ ವರ್ಷದ ನಂತರ ಅದೇ ಪ್ರಶ್ನೆ ಕೇಳಿದಾಗ ಅನೇಕರ ಉತ್ತರ ತಾವೇ ಬರೆದುಕೊಟ್ಟದ್ದಕ್ಕೆ ಹೊಂದಲಿಲ್ಲ. ಆದರೂ ತಮ್ಮ ನೆನಪಿನ ಬಗ್ಗೆ ಅವರಿಗಿದ್ದ ವಿಶ್ವಾಸ ದೊಡ್ಡದು. "ನನಗೆ ಚೆನ್ನಾಗಿ ನೆನಪಿದೆ" ಎಂಬುದು ಖಾತ್ರಿಯನ್ನು ತೋರಿಸುತ್ತದೆ, ಸತ್ಯವನ್ನಲ್ಲ. ಪತಿ ಇದನ್ನು ಎರಡು ಸಲ ಕೇಳಿ ಬರೆದುಕೊಂಡರು.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರಾಜರ್ಸ್ 1950ರ ದಶಕದ ಆರಂಭದಲ್ಲೇ ಸೂಚಿಸಿದ ನಿಯಮ. ಎದುರಿನವರು ಹೇಳಿದ್ದನ್ನೂ ಅದರ ಹಿಂದಿನ ಭಾವನೆಯನ್ನೂ, ಅವರು "ಹೌದು, ಅದೇ" ಎನ್ನುವಂತೆ ತಿರುಗಿ ಹೇಳುವವರೆಗೆ ನಿಮ್ಮ ಮಾತು ಶುರುವಾಗಬಾರದು. ಮನೆಯಲ್ಲಿ ಮಾಡಲು ಅಳತೆ ಇಟ್ಟುಕೊಟ್ಟೆವು: ಒಬ್ಬರಿಗೆ ಮೂರು ನಿಮಿಷ, ವಾರಕ್ಕೆ ಎರಡು ಸಲ, ಮೊದಲ ವಾರ ಸಣ್ಣ ವಿಷಯಗಳು ಮಾತ್ರ. ಅವರು ಹಾಗೆ ಮಾಡದೆ ನೇರ ಜ್ವರದ ಸಂಜೆಗೇ ಕೈ ಹಾಕಿದರು, ಕೆಟ್ಟಿತು. ಪತಿ ತಿರುಗಿ ಹೇಳಿದ್ದು ಪಾಟೀಸವಾಲಿನಂತಿತ್ತು: "ಅಂದ್ರೆ ನಾನು ಬೇಕಂತಲೇ ತಡ ಮಾಡಿದೆ ಅಂತೀಯ, ಹೌದೋ ಅಲ್ವೋ?" ಮುಂದಿನ ಭೇಟಿಯಲ್ಲಿ ಆ ವಾಕ್ಯವನ್ನೇ ತಿದ್ದಿದೆವು. ಆಕೆ ಹೇಳದ ಆರೋಪ ಸೇರಿಸುವಂತಿಲ್ಲ, ಕೊನೆಗೆ "ಹೌದೋ ಅಲ್ವೋ" ಬೇಡ, "ಇನ್ನೇನಾದ್ರೂ ಬಿಟ್ಟೆನಾ?" ಎಂದು ಕೇಳಬೇಕು. ನಾಲ್ಕನೇ ಪ್ರಯತ್ನದಲ್ಲಿ ಬಂದದ್ದು: "ಮಗಳ ಮೈ ಸುಡ್ತಿತ್ತು, ನಾನು ಐದಕ್ಕೆ ಬರ್ತೀನಿ ಅಂತ ನೀನು ಬಾಗಿಲು ನೋಡ್ತಾ ಇದ್ದೆ. ಇನ್ನೇನಾದ್ರೂ ಬಿಟ್ಟೆನಾ?" ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ, ಅಷ್ಟೇ," ಎಂದರು. ಗಂಟೆಯ ವಿಷಯ ಆಮೇಲೆ ಇಬ್ಬರ ಬಾಯಿಂದಲೂ ಬರಲಿಲ್ಲ.

ಎರಡನೆಯದು ಒಪ್ಪಿಗೆಯ ವಾಕ್ಯ. ಹತ್ತರಲ್ಲಿ ಒಂದು ಪಾಲು ನಿಮ್ಮದಿದ್ದರೂ ಆ ಒಂದನ್ನು ಹೇಳಿ, ಅಲ್ಲಿಗೇ ನಿಲ್ಲಿಸಿ. "ಸಂದೇಶ ಕಳಿಸಿ ಸುಮ್ಮನಾದೆ, ಫೋನ್ ಮಾಡ್ಬೇಕಿತ್ತು." ಇದಕ್ಕೆ "ಆದ್ರೆ" ಸೇರಿದರೆ ಹಿಂದಿನದೆಲ್ಲ ಅಳಿಸಿಹೋಗುತ್ತದೆ. "ಆಯ್ತಮ್ಮಾ, ನೀನೇ ಸರಿ" ಎಂಬುದನ್ನು ಪೂರ್ತಿ ನಿಲ್ಲಿಸಲು ಹೇಳಿದೆವು. ಶರಣಾದಂತೆ ಕಂಡರೂ ಅದು ಮಾತಿನ ಬಾಗಿಲನ್ನು ಮುಖಕ್ಕೇ ಹಾಕುವ ವಿಧಾನ. ಹಟ ಬಿಡುವುದೆಂದರೆ ತನಗನ್ನಿಸಿದ್ದನ್ನು ನುಂಗಿಕೊಳ್ಳುವುದಲ್ಲ. "ನನ್ನ ನೆನಪು ಬೇರೆ ಇದೆ" ಎಂದು ಹೇಳಿಯೂ ತೀರ್ಪಿಗೆ ಕಾಯದೆ ಇರಬಹುದು.

ಹಾಗಾದರೆ ಸಾಕ್ಷಿ ಎಂದೂ ಬೇಡವೇ ಎಂದು ಪತಿ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ತಿಳಿದರೆ ನಾಳೆ ಮಾಡುವ ಕೆಲಸ ಬದಲಾಗುತ್ತದೆಯೇ ಎಂದು ನೋಡಬೇಕು. ಔಷಧದ ಪ್ರಮಾಣ, ಸಾಲದ ಕಂತಿನ ತಾರೀಖು, ಮಗಳ ಶಾಲೆಯ ಶುಲ್ಕ: ಇವುಗಳಲ್ಲಿ ಇಬ್ಬರೂ ಒಟ್ಟಿಗೆ ಕಾಗದ ತೆರೆದು ನೋಡಬೇಕು. ಯಾರು ಏನಂದರು ಎಂಬ ಕಳೆದ ಮಾತಿನಲ್ಲಿ ಎರಡು ನೆನಪೂ ಹಾಗೇ ಇರಲಿ. ಫೋಲ್ಡರ್ ಅಳಿಸಿ ಎಂದು ಹೇಳಲಿಲ್ಲ. ಎರಡು ವಾರ ತೆರೆಯಬೇಡಿ ಎಂದಷ್ಟೇ ಕೇಳಿದೆವು. ಹಾಗೆಯೇ ಅಕ್ಕನಿಗೆ ಜಗಳದ ಸುದ್ದಿ ಎರಡು ವಾರ ಹೋಗಬಾರದು.

ಮೈ ಬಿಸಿಯೇರಿದಾಗ ಇವು ಯಾವುವೂ ನಡೆಯುವುದಿಲ್ಲ. ದಂಪತಿಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಹೇಳುವಂತೆ, ಜಗಳದಲ್ಲಿ ನಾಡಿ ನಿಮಿಷಕ್ಕೆ 100 ದಾಟಿದರೆ ಕೇಳಿಸಿಕೊಳ್ಳುವ ಶಕ್ತಿಯೇ ಕುಂದುತ್ತದೆ, ತಣಿಯಲು ಕನಿಷ್ಠ 20 ನಿಮಿಷ ಬೇಕು. ಮಣಿಕಟ್ಟಿನಲ್ಲಿ 15 ಸೆಕೆಂಡು ನಾಡಿ ಎಣಿಸಿ, ನಾಲ್ಕರಿಂದ ಗುಣಿಸಿದರೆ ಸಾಕು. ಆ 20 ನಿಮಿಷ ಮುಂದಿನ ವಾದವನ್ನು ಮನಸ್ಸಿನಲ್ಲೇ ಹೆಣೆಯುತ್ತ ಕೂತರೆ ನಾಡಿ ಇಳಿಯುವುದಿಲ್ಲ, ಓಡಾಟವೋ ಪಾತ್ರೆ ತೊಳೆಯುವುದೋ ಏನಾದರೂ ಕೈಕೆಲಸ ಬೇಕು. ಬಿಡುವು ಕೇಳಿದವರೇ ವಾಪಸ್ ಬಂದು ಮಾತು ಎತ್ತಬೇಕು.

ಏಳನೇ ಭೇಟಿಯ ಹೊತ್ತಿಗೆ ಜಗಳ ನಿಂತಿರಲಿಲ್ಲ, ನಿಲ್ಲುತ್ತದೆ ಎಂದು ನಾವು ಹೇಳಿಯೂ ಇರಲಿಲ್ಲ. ಗಾಟ್‌ಮನ್ ಅವರ ಲೆಕ್ಕದಲ್ಲೇ ದಂಪತಿಗಳ ನಡುವಿನ ಭಿನ್ನಾಭಿಪ್ರಾಯಗಳಲ್ಲಿ ಶೇ. 69 ಕೊನೆಯವರೆಗೂ ಉಳಿಯುವಂಥವು. ಆದರೆ ದಿನಗಟ್ಟಲೆಯ ಮೌನ ಕೆಲವು ಗಂಟೆಗಳಿಗೆ ಇಳಿದಿತ್ತು. ಫೋಲ್ಡರ್ ಇನ್ನೂ ಇತ್ತು, ಹೊಸದೇನೂ ಸೇರಿರಲಿಲ್ಲ.

ಬಿಡುವಿನ ನಿಯಮ ಮಾತ್ರ ಪತ್ನಿಗೆ ಕಷ್ಟವಾಗುತ್ತಿತ್ತು. ಆಕೆ ಬೆಳೆದ ಮನೆಯಲ್ಲಿ ಎದ್ದುಹೋಗುವುದೆಂದರೆ ಶಿಕ್ಷೆ. ಅದಕ್ಕೆ ಒಂದು ಬದಲಾವಣೆ ಮಾಡಿದೆವು: ಪತಿ ಏಳುವ ಮುಂಚೆ ಗಡಿಯಾರ ನೋಡಿ "8.20ಕ್ಕೆ ಇಲ್ಲೇ ಬಂದು ಕೂರ್ತೀನಿ" ಎಂದು ಹೇಳುತ್ತಾರೆ, ಹೋದ ಕೋಣೆಯ ಬಾಗಿಲು ಹಾಕಿಕೊಳ್ಳುವುದಿಲ್ಲ.