ನಿಸಿನ್‌ಗೆ ಲಿಸ್ಟೀರಿಯಾ ಒಗ್ಗಿಕೊಳ್ಳುವುದು ಹೇಗೆ, ಅದನ್ನು ಪರೀಕ್ಷಿಸುವುದು ಹೇಗೆ?

ಬ್ಯಾಕ್ಟೀರಿಯಾ ಕೊಲ್ಲಲೆಂದು ಚೀಸ್‌ಗೆ ಹಾಕುವ ನಿಸಿನ್ ನೈಸರ್ಗಿಕ ಪೆಪ್ಟೈಡ್ (ಪುಟ್ಟ ಪ್ರೋಟೀನ್) ಆಗಿದ್ದರೂ, ಆಹಾರದ ಮೂಲಕ ರೋಗ ತರುವ ಲಿಸ್ಟೀರಿಯಾ ಬ್ಯಾಕ್ಟೀರಿಯಾ ಅದನ್ನು ತಡೆದುಕೊಳ್ಳುವುದು ಹೇಗೆ, ಲ್ಯಾಬಿನಲ್ಲಿ ಅದನ್ನು ಖಚಿತಪಡಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ.

ನಿಸಿನ್ 34 ಅಮೈನೋ ಆಮ್ಲಗಳ, ಧನ ವಿದ್ಯುದಂಶವಿರುವ ಪೆಪ್ಟೈಡ್. ಅದು ಕೋಶಭಿತ್ತಿ ಕಟ್ಟಲು ಬೇಕಾದ ಲಿಪಿಡ್ II ಅಣುವಿನ ಪೈರೋಫಾಸ್ಫೇಟ್ ಭಾಗವನ್ನು ಹಿಡಿದು, ಅಲ್ಲೇ ಪೊರೆಯಲ್ಲಿ ರಂಧ್ರ ಮಾಡುತ್ತದೆ. ಆ ಭಾಗ ಪ್ರೋಟೀನ್ ಅಲ್ಲ. ಹಾಗಾಗಿ ಒಂದು ಜೀನ್ ಕೆಟ್ಟ ಮಾತ್ರಕ್ಕೆ ಗುರಿಯ ರೂಪ ಬದಲಾಗುವುದಿಲ್ಲ. ಗುರಿಯನ್ನು ಬದಲಿಸಲಾಗದ ಬ್ಯಾಕ್ಟೀರಿಯಾ ಅಲ್ಲಿಗೆ ಹೋಗುವ ದಾರಿಯನ್ನು ಕಷ್ಟವಾಗಿಸುತ್ತದೆ. ಡಿಎಲ್‌ಟಿ ಜೀನ್‌ಗಳು ಭಿತ್ತಿಯ ಟೀಕೋಯಿಕ್ ಆಮ್ಲಕ್ಕೆ ಡಿ-ಅಲನೈನ್ ಸೇರಿಸುತ್ತವೆ. ಎಂಪಿಆರ್‌ಎಫ್ ಪ್ರೋಟೀನ್ ಪೊರೆಯ ಕೊಬ್ಬಿಗೆ ಲೈಸಿನ್ ಸೇರಿಸುತ್ತದೆ. ಎರಡರಿಂದಲೂ ಹೊರಮೈಯ ಋಣ ವಿದ್ಯುದಂಶ ತಗ್ಗಿ, ನಿಸಿನ್ ಅಂಟುವುದು ಕಡಿಮೆಯಾಗುತ್ತದೆ. ಎರಡನ್ನೂ ನಿಯಂತ್ರಿಸುವುದು ವಿಐಆರ್‌ಆರ್ ಎಂಬ ಪ್ರೋಟೀನ್. ಪೊರೆಯ ಕೊಬ್ಬಿನಾಮ್ಲಗಳು ಬದಲಾಗಿ ಪೊರೆ ಬಿಗಿಯಾಗುವುದೂ ಉಂಟು. ಬ್ಯಾಕ್ಟೀರಿಯಾ ಕೊಲ್ಲುವ ಇನ್ನೊಂದು ಪೆಪ್ಟೈಡ್ ಪೀಡಿಯೋಸಿನ್ ಕಥೆ ಬೇರೆ: ಅದು ಮ್ಯಾನೋಸ್ ಸಕ್ಕರೆಯನ್ನು ಸಾಗಿಸುವ ಪ್ರೋಟೀನನ್ನು ಹಿಡಿಯುತ್ತದೆ. ಆ ಪ್ರೋಟೀನಿನ ಉತ್ಪಾದನೆ ನಿಂತರೆ ಒಂದೇ ಏಟಿಗೆ ದೊಡ್ಡ ಮಟ್ಟದ ನಿರೋಧ ಬಂದುಬಿಡುತ್ತದೆ. ಸಾಲ್ಮೊನೆಲ್ಲಾಕ್ಕೆ ಹೊರಪೊರೆಯೇ ರಕ್ಷಣೆ. ಅಲ್ಲಿ ನಿಸಿನ್ ಕೆಲಸ ಮಾಡದಿರುವುದನ್ನು ಹೊಸದಾಗಿ ಗಳಿಸಿದ ನಿರೋಧ ಎಂದು ಬರೆಯಬೇಡಿ.

ನಿರೋಧ ಹುಟ್ಟಲು ಮುಖ್ಯ ಕಾರಣ ಕೊಲ್ಲಲು ಸಾಲದ ಅರೆಬರೆ ಪ್ರಮಾಣ ಎಂಬುದು ನನ್ನ ಅಭಿಪ್ರಾಯ. ನಿಸಿನ್ ಆಹಾರದ ಕೊಬ್ಬಿಗೂ ಪ್ರೋಟೀನಿಗೂ ಅಂಟಿಕೊಳ್ಳುತ್ತದೆ, ಹಸಿ ಮಾಂಸದಲ್ಲಿ ಗ್ಲುಟಾಥಯೋನ್ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ನೀವು ಹಾಕಿದ್ದು ಒಂದು, ಬ್ಯಾಕ್ಟೀರಿಯಾಕ್ಕೆ ತಗುಲಿದ್ದು ಇನ್ನೊಂದು. ಮೊದಲೇ ಹುಳಿಗೆ ಒಗ್ಗಿದ ಲಿಸ್ಟೀರಿಯಾ ನಿಸಿನ್ ಅನ್ನೂ ಹೆಚ್ಚು ತಾಳಿಕೊಳ್ಳುತ್ತದೆ.

ಈಗ ಪರೀಕ್ಷೆ. ಮಾರುಕಟ್ಟೆಯ ಪುಡಿಯಲ್ಲಿ ನಿಸಿನ್ ಸಾಮಾನ್ಯವಾಗಿ 2.5% ಮಾತ್ರ, ಉಳಿದದ್ದು ಹೆಚ್ಚಾಗಿ ಉಪ್ಪು ಮತ್ತು ಹಾಲಿನ ಘನಾಂಶ. 100 ಮಿ.ಗ್ರಾಂ ಪುಡಿಯನ್ನು 10 ಮಿ.ಲೀ. 0.02 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದರೆ ಪ್ರತಿ ಮಿ.ಲೀ.ಗೆ 250 ಮೈಕ್ರೋಗ್ರಾಂ ನಿಸಿನ್ ಸಿಗುತ್ತದೆ. ಕರಗದ್ದನ್ನು ಸೆಂಟ್ರಿಫ್ಯೂಜ್ ಮಾಡಿ ತೆಗೆದು, ಪ್ರೋಟೀನ್ ಕಡಿಮೆ ಅಂಟುವ 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ನೀರಿನಲ್ಲಿ ಕರಗಿಸಲು ಹೋಗಬೇಡಿ: ತಟಸ್ಥ ಪಿಎಚ್‌ನಲ್ಲಿ ಅದರ ಕರಗುವಿಕೆ ಬಹಳ ಇಳಿಯುತ್ತದೆ. ಸಣ್ಣ ಗುಳಿಗಳಿರುವ ಪಾಲಿಪ್ರೊಪಿಲೀನ್ ತಟ್ಟೆಯಲ್ಲಿ ಬಿಎಚ್‌ಐ ಮಾಧ್ಯಮದೊಂದಿಗೆ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ) ಎರಡರಷ್ಟು ತೆಳುವಾಗಿಸುತ್ತ ಹೋಗಿ, ಪ್ರತಿ ಮಿ.ಲೀ.ಗೆ ಸುಮಾರು 5 ಲಕ್ಷ ಕೋಶ ಹಾಕಿ, 37 ಡಿಗ್ರಿಯಲ್ಲಿ 24 ಗಂಟೆ ಇಡಿ. ಬೆಳವಣಿಗೆ ಕಾಣದ ಅತಿ ಕಡಿಮೆ ನಿಸಿನ್ ಪ್ರಮಾಣವೇ ತಡೆ ಪ್ರಮಾಣ. ಸಾಮಾನ್ಯ ಪಾಲಿಸ್ಟೈರೀನ್ ತಟ್ಟೆಗೆ ಪೆಪ್ಟೈಡ್ ಅಂಟಿಕೊಂಡು, ಇಲ್ಲದ ನಿರೋಧ ಇರುವಂತೆ ಕಾಣುತ್ತದೆ. ಕೋಶ ಹೆಚ್ಚಾದರೂ ಅದೇ ತಪ್ಪು. ಮೂಲ ತಳಿಯನ್ನೂ, ನಿಸಿನ್ ಇಲ್ಲದ ಆಮ್ಲವನ್ನೂ ಅದೇ ತಟ್ಟೆಯಲ್ಲಿ ಓಡಿಸಿ.

ಬದುಕುಳಿದ ಕಾಲೊನಿಯನ್ನು ನಿಸಿನ್ ಇಲ್ಲದ ಮಾಧ್ಯಮದಲ್ಲಿ ಐದು ಬಾರಿ ಬೆಳೆಸಿ ಮತ್ತೆ ಅಳೆಯಿರಿ. ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ. ತಡೆ ಪ್ರಮಾಣ ಮೂಲ ತಳಿಯ ಮಟ್ಟಕ್ಕೆ ಇಳಿದರೆ ಅದು ತಾತ್ಕಾಲಿಕ ಒಗ್ಗಿಕೆ. ನಾಲ್ಕು ಪಟ್ಟು ಅಥವಾ ಹೆಚ್ಚೇ ಉಳಿದರೆ ಮಾತ್ರ ಜೀನೋಮ್ ಓದಿಸುವುದು ಸಾರ್ಥಕ. ಎರಡು ಪಟ್ಟಿನ ವ್ಯತ್ಯಾಸ ಈ ವಿಧಾನದ ದೋಷದ ಮಿತಿಯೊಳಗೇ ಬರುತ್ತದೆ. ಚೀಸ್‌ನಲ್ಲೇ ಪರೀಕ್ಷೆ ಮಾಡುವಾಗ ಪಿಎಚ್ 5.5ರ ಸುಮಾರಿಗೆ ಒಗ್ಗಿಸಿದ ಲಿಸ್ಟೀರಿಯಾವನ್ನೂ ಜೊತೆಗೆ ಬಳಸಿ.