ಕ್ಯಾಲ್ಸಿಯಂ ನೈಟ್ರೇಟ್ ಡ್ರಮ್ಮಿಗೆ 0-0-50 ಸುರಿದವರಿಗೆ

200 ಲೀಟರಿನ ಡ್ರಮ್ಮಿನಲ್ಲಿ 5 ಕೆಜಿ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ, ಅದಕ್ಕೇ 5 ಕೆಜಿ 0-0-50 (ಪೊಟ್ಯಾಸಿಯಂ ಸಲ್ಫೇಟ್ ಗೊಬ್ಬರ) ಸೇರಿಸಿದಾಗ ನೀರು ಸುಣ್ಣ ಕಲಸಿದಂತಾಯಿತು, ಆಸಿಡ್ ಬಿಟ್ಟು ಡ್ರಿಪ್‌ಗೆ ಕೊಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ವೆಂಚುರಿಯ (ಗೊಬ್ಬರದ ನೀರನ್ನು ಡ್ರಿಪ್ ಪೈಪಿಗೆ ಎಳೆಯುವ ಸಾಧನದ) ವಾಲ್ವ್ ತೆರೆಯಬೇಡಿ. "ಇನ್ನಷ್ಟು ಕಲಕಿ, ಕರಗುತ್ತದೆ" ಎಂದು ನಿಮ್ಮ ಪ್ರಶ್ನೆಗೆ ಉತ್ತರ ಬರೆದವರು ಸ್ವಲ್ಪ ಯೋಚಿಸಿ ಬರೆಯಬೇಕಿತ್ತು. ಅದು ಕರಗದೆ ಉಳಿದ ಗೊಬ್ಬರವಲ್ಲ. ಎರಡೂ ಕರಗಿದ ಮೇಲೆ ಹುಟ್ಟಿದ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್.

ನಾನೂ ಇದನ್ನೇ ಮಾಡಿ ಒಂದೂವರೆ ಎಕರೆ ದಪ್ಪಮೆಣಸಿನಕಾಯಿಯ ಲ್ಯಾಟರಲ್ (ಸಾಲಿನುದ್ದಕ್ಕೂ ಹನಿ ಬಿಡುವ ಪೈಪು) ಕಳೆದುಕೊಂಡಿದ್ದೇನೆ. ಸಾಲಿನ ಕೊನೆಯ ಗಿಡಗಳು ಬಾಡಿದಾಗ ಬೋರ್‌ವೆಲ್ ನೀರಿನ ಸುಣ್ಣವೇ ಕಟ್ಟಿದೆಯೆಂದು ಎರಡು ಸಲ ಆಸಿಡ್ ಬಿಟ್ಟೆ, ಹನಿ ಹೆಚ್ಚಲಿಲ್ಲ. ಬ್ಲೇಡಿನಿಂದ ಒಂದು ಡ್ರಿಪ್ಪರ್ ಸೀಳಿ ನೋಡಿದರೆ ಒಳಗಿನ ಅಂಕುಡೊಂಕು ದಾರಿಯ ತುಂಬ ಸೂಜಿಯಂಥ ಸಣ್ಣ ಹರಳುಗಳು, ಉಗುರಿಗೆ ಮರಳಿನಂತೆ ತಾಗುತ್ತಿದ್ದವು. ಅದರ ಮೇಲೆ ಆಸಿಡ್ ಹಾಕಿದರೂ ಒಂದು ಗುಳ್ಳೆಯೂ ಏಳಲಿಲ್ಲ.

ಕಾರಣ ವೇಲೆನ್ಸಿಯಲ್ಲಿದೆ, ಅಂದರೆ ಅಯಾನಿನ (ವಿದ್ಯುತ್ ಆವೇಶವುಳ್ಳ ಕಣದ) ಆವೇಶ ಎಷ್ಟು ಎಂಬುದರಲ್ಲಿ. ನೀರಿನ ಅಣುವಿನಲ್ಲಿ ಆಮ್ಲಜನಕದ ತುದಿ ಸ್ವಲ್ಪ ಋಣ, ಜಲಜನಕದ ತುದಿಗಳು ಸ್ವಲ್ಪ ಧನ. ಆದ್ದರಿಂದ ನೀರು ಪ್ರತಿ ಅಯಾನನ್ನೂ ಸುತ್ತುವರಿದು ಒಂದನ್ನೊಂದು ಹಿಡಿಯದಂತೆ ದೂರವಿಡುತ್ತದೆ. ನೈಟ್ರೇಟ್‌ನ ವೇಲೆನ್ಸಿ ಒಂದೇ ಆದ್ದರಿಂದ ಕ್ಯಾಲ್ಸಿಯಂ ಜೊತೆಗಿದ್ದರೂ ಅದರ ಸೆಳೆತ ದುರ್ಬಲ, ನೀರೇ ಗೆಲ್ಲುತ್ತದೆ. ಎರಡು ವೇಲೆನ್ಸಿಯ ಕ್ಯಾಲ್ಸಿಯಂಗೆ ಎರಡು ವೇಲೆನ್ಸಿಯ ಸಲ್ಫೇಟ್ ಎದುರಾದಾಗ ಮಾತ್ರ ಅವುಗಳ ಪರಸ್ಪರ ಸೆಳೆತಕ್ಕೆ ನೀರು ಸೋಲುತ್ತದೆ. ನಿಮ್ಮ ಅಳತೆಯಲ್ಲಿ ಹುಟ್ಟುವ ಜಿಪ್ಸಂ ಸುಮಾರು 4 ಕೆಜಿ. ಲೀಟರಿಗೆ ಎರಡು, ಎರಡೂವರೆ ಗ್ರಾಮಿನಂತೆ 200 ಲೀಟರ್ ನೀರು ಕರಗಿಸಿಕೊಳ್ಳುವುದು ಅರ್ಧ ಕೆಜಿಯಷ್ಟೇ.

ಹಾಗೆಂದು ಎರಡಕ್ಕೆ ಎರಡು ಸೇರಿದಾಗಲೆಲ್ಲ ಗಷ್ಟು ಬರುತ್ತದೆಂದು ತಿಳಿಯಬೇಡಿ. ಮೆಗ್ನೀಸಿಯಂ ಸಲ್ಫೇಟ್ ಸಲೀಸಾಗಿ ಕರಗುತ್ತದೆ, ಏಕೆಂದರೆ ಮೆಗ್ನೀಸಿಯಂ ಅಯಾನು ಚಿಕ್ಕದು, ಆರು ನೀರಿನ ಅಣುಗಳನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಆದರೆ ಅದನ್ನೂ ಕ್ಯಾಲ್ಸಿಯಂ ನೈಟ್ರೇಟ್ ಡ್ರಮ್ಮಿಗೆ ಹಾಕಿದಿರೋ, ಮತ್ತೆ ಜಿಪ್ಸಮ್ಮೇ.

ಇನ್ನು ಆಸಿಡ್. ಬೋರ್‌ವೆಲ್ ಸುಣ್ಣವೆಂದರೆ ಕಾರ್ಬೊನೇಟ್. ಅದು ಆಸಿಡ್‌ನ ಜಲಜನಕವನ್ನು ಹಿಡಿದು ನೀರೂ ಇಂಗಾಲದ ಡೈಆಕ್ಸೈಡೂ ಆಗುತ್ತದೆ, ಅದಕ್ಕೇ ನೊರೆ. ಫಾಸ್ಫೇಟ್ ಗಷ್ಟೂ ಹೀಗೆಯೇ ಜಲಜನಕ ಹಿಡಿದು ಬಿಡುತ್ತದೆ. ಸಲ್ಫೇಟ್ ಜಲಜನಕವನ್ನು ಅಷ್ಟಾಗಿ ಹಿಡಿಯುವುದಿಲ್ಲ, ಆದ್ದರಿಂದ ಜಿಪ್ಸಂ ಕದಲುವುದಿಲ್ಲ. ಆಸಿಡ್ ಬಳಸಲೇಬೇಕಾದ ಕಡೆ ನೀರಿಗೆ ಆಸಿಡ್ ಸುರಿಯಿರಿ, ಆಸಿಡ್‌ಗೆ ನೀರನ್ನಲ್ಲ. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ.

ಈಗ ನಾನು ಪಾಲಿಸುವ ಕ್ರಮ ಇಷ್ಟೇ: ಕ್ಯಾಲ್ಸಿಯಂ ನೈಟ್ರೇಟ್ ಒಂದು ದಿನ, ಸಲ್ಫೇಟ್ ಮತ್ತು 12-61-0 (ಫಾಸ್ಫೇಟ್ ಗೊಬ್ಬರ) ಇನ್ನೊಂದು ದಿನ, ಪ್ರತಿ ಸಲವೂ ಕೊನೆಗೆ ಹದಿನೈದು ನಿಮಿಷ ಬರೀ ನೀರು. ಕ್ಯಾಲ್ಸಿಯಂ ಕೊಡುವ ದಿನವೇ ಪೊಟ್ಯಾಶ್ ಬೇಕೇ ಬೇಕೆಂದರೆ 13-0-45 (ಪೊಟ್ಯಾಸಿಯಂ ನೈಟ್ರೇಟ್) ಬಳಸಿ. ಬೆಲೆ ಹೆಚ್ಚು, ಆದರೆ ಹೊಸ ಲ್ಯಾಟರಲ್‌ಗಿಂತ ಅಗ್ಗ. ಚೀಲದ ಮೇಲೆ "ನೂರಕ್ಕೆ ನೂರು ಕರಗುತ್ತದೆ" ಎಂದು ಬರೆದಿರುವುದು ಆ ಗೊಬ್ಬರವೊಂದಕ್ಕೇ ಅನ್ವಯ, ಅದಕ್ಕಾಗಿ ದುಬಾರಿ ಬ್ರ್ಯಾಂಡಿನ ಹಿಂದೆ ಬೀಳಬೇಡಿ. ಸುಣ್ಣ ಕಟ್ಟದಂತೆ ಪೈಪಿಗೆ ಮ್ಯಾಗ್ನೆಟ್ ಕಟ್ಟುವವರ ಮಾತಿಗೂ ಹಣ ಕೊಡಬೇಡಿ. ಮನೆಯ ಸಾಫ್ಟ್‌ನರ್ ನೀರಂತೂ ತೋಟಕ್ಕೆ ಬೇಡವೇ ಬೇಡ: ಅದು ಒಂದು ಕ್ಯಾಲ್ಸಿಯಂ ತೆಗೆದು ಎರಡು ಸೋಡಿಯಂ ಬಿಡುತ್ತದೆ, ಮಣ್ಣು ಕೆಡುತ್ತದೆ. ಹೊಸ ಜೋಡಿ ಯಾವುದಾದರೂ ಮೊದಲು ನಿಮ್ಮದೇ ಬೋರ್‌ವೆಲ್ ನೀರಿನಲ್ಲಿ, ಡ್ರಮ್ಮಿನ ಪ್ರಮಾಣದಲ್ಲೇ, ಬಿಸ್ಲೇರಿ ಬಾಟಲಿಯಲ್ಲಿ ಕಲಸಿ ರಾತ್ರಿಯಿಡೀ ಇಟ್ಟು ನೋಡಿ.

ಈಗ ಡ್ರಮ್ಮಿನಲ್ಲಿರುವುದನ್ನು ಚೆಲ್ಲಬೇಡಿ, ಜಿಪ್ಸಂ ಮಣ್ಣಿಗೆ ವಿಷವಲ್ಲ. ಬಕೆಟ್ಟಿಗೊಂದು ಮಗ್ಗಿನಂತೆ ತೆಳುಮಾಡಿ, ಕಲಕುತ್ತಾ ಸಾಲಿಗೆ ಕೈಯಿಂದಲೇ ಹಾಕಿ. ತಳವನ್ನು ಹಸಿಯಿರುವಾಗಲೇ ಉಜ್ಜಿ ತೊಳೆಯಿರಿ. ನನ್ನದು ಒಣಗಿ, ಉಳಿ ಹಿಡಿದು ಕೆರೆಯಬೇಕಾಯಿತು.