ಚಂದ್ರಮುಖಿ ತಮಿಳು ಸಿನಿಮಾ ಅಲ್ವಾ, ಅದರಲ್ಲಿ ದೆವ್ವ ಯಾಕೆ ತೆಲುಗಲ್ಲಿ ಹಾಡತ್ತೆ?

ಈ ಒಂದು ಪ್ರಶ್ನೆ ಒಳಗೆ ಎರಡು ಪ್ರಶ್ನೆ ಇದೆ. ರಜನಿಕಾಂತ್ ಮಾಡಿದ ಚಂದ್ರಮುಖಿ ಮಲಯಾಳಂ ಸಿನಿಮಾದ ರೀಮೇಕಾ ಇಲ್ಲಾ ನಮ್ಮ ಆಪ್ತಮಿತ್ರದ ರೀಮೇಕಾ ಅನ್ನೋದು ಒಂದು, ತಮಿಳು ಸಿನಿಮಾದಲ್ಲಿ ದೆವ್ವವಾಗಿ ಬರೋ ನರ್ತಕಿ ತೆಲುಗಲ್ಲಿ ಯಾಕೆ ಹಾಡ್ತಾಳೆ ಅನ್ನೋದು ಇನ್ನೊಂದು. ಎರಡನೇದಕ್ಕೆ ಉತ್ತರ ಸಿಕ್ಕಿದ್ರೆ ಮೊದಲನೇದಕ್ಕೂ ಸಿಕ್ಕಂಗೇನೇ, ಅದಕ್ಕೆ ಅಲ್ಲಿಂದಾನೇ ಶುರು ಮಾಡ್ತೀನಿ.

ಮೂಲ ಅಂದ್ರೆ 1993ರ ಮಣಿಚಿತ್ರತಾಳ್. ಫಾಝಿಲ್ ನಿರ್ದೇಶನ, ಮಧು ಮುಟ್ಟಂ ಕತೆ. ಕೇರಳದ ಒಂದು ಹಳೇ ತರವಾಡು, ಅಂದ್ರೆ ಒಟ್ಟು ಕುಟುಂಬದ ದೊಡ್ಡ ಮನೆ, ಹಿಂದೆ ಯಾವಾಗ್ಲೋ ಆ ಮನೆ ಯಜಮಾನ ತಂಜಾವೂರಿಂದ ನಾಗವಲ್ಲಿ ಅನ್ನೋ ನರ್ತಕೀನ ಕರ್ಕೊಂಡು ಬಂದು ಇಟ್ಕೊಂಡಿರ್ತಾನೆ, ಅವಳಿಗೆ ಎದುರು ಮನೆಯ ಡಾನ್ಸರ್ ಮೇಲೆ ಮನಸ್ಸು, ಅದು ಗೊತ್ತಾಗಿ ಇವನು ಅವಳನ್ನ ಕೊಂದು ಹಾಕ್ತಾನೆ. ಎಷ್ಟೋ ತಲೆಮಾರು ಆದ್ಮೇಲೆ ಆ ಮನೆಗೆ ಸೊಸೆಯಾಗಿ ಬರೋ ಗಂಗಾ ಬೀಗ ಹಾಕಿರೋ ಕೋಣೆ ತೆಗೆಸ್ತಾಳೆ, ಆ ಕತೆ ಕೇಳ್ತಾ ಕೇಳ್ತಾ ತಾನೇ ನಾಗವಲ್ಲಿ ಆಗ್ತಾ ಹೋಗ್ತಾಳೆ. ಈಗ ಯೋಚ್ನೆ ಮಾಡಿ, ಮಲಯಾಳಿ ಮನೆ, ಎಲ್ಲರೂ ಮಲಯಾಳಂ ಮಾತಾಡೋರು, ಮಧ್ಯರಾತ್ರಿ ಮಹಡಿ ಮೇಲಿಂದ ತಮಿಳಲ್ಲಿ ಹಾಡು ಕೇಳ್ಸತ್ತೆ. ಬಿಳಿ ಸೀರೆ, ಹೊಗೆ, ಬೆಕ್ಕು ಇದ್ಯಾವುದೂ ಬೇಕಾಗಿಲ್ಲ ಸ್ವಾಮಿ, ನಮ್ಮನೆ ಹುಡುಗಿ ಬಾಯಲ್ಲಿ ನಮ್ಮದಲ್ಲದ ಭಾಷೆ ಬಂದ್ರೆ ಅಷ್ಟೇ ಸಾಕು ಮೈ ಜುಮ್ ಅನ್ನೋಕೆ.

2004ರಲ್ಲಿ ಪಿ. ವಾಸು ಅದನ್ನ ಆಪ್ತಮಿತ್ರ ಅಂತ ಕನ್ನಡಕ್ಕೆ ತಂದಾಗ ಕನ್ನಡದ ಮನೆ ಒಳಗೆ ತೆಲುಗಿನ ನಾಗವಲ್ಲಿ ಬಂದ್ಲು. ಮಾರನೇ ವರ್ಷ ಅದೇ ವಾಸು ಅದನ್ನ ಚಂದ್ರಮುಖಿ ಅಂತ ತಮಿಳಿಗೆ ತಗೊಂಡು ಹೋದ್ರು. ಅಲ್ಲಿ ದೆವ್ವ ತಮಿಳು ಮಾತಾಡಿದ್ರೆ ಯಾರಿಗೆ ಭಯ ಆಗತ್ತೆ ಹೇಳಿ, ಪಕ್ಕದ್ಮನೆ ಅತ್ತೆ ಬೈದಂಗೆ ಇರತ್ತೆ ಅಷ್ಟೆ. ಹಂಗಾಗಿ ಕನ್ನಡದ ತೆಲುಗನ್ನೇ ಉಳಿಸ್ಕೊಂಡ್ರು, ನಮ್ಮ ಗುರುಕಿರಣ್ ಮಾಡಿದ 'ರಾ ರಾ' ಧಾಟಿನೂ ಜೊತೇಲೇ ಹೋಯ್ತು. 2007ರಲ್ಲಿ ಪ್ರಿಯದರ್ಶನ್ ಹಿಂದಿಗೆ ಮಾಡಿದಾಗ ಅವಳು ಬಂಗಾಳಿ ಆದ್ಲು. ತಮಾಷೆ ಏನಂದ್ರೆ ಹುಟ್ಟುವಾಗ ತಮಿಳಿನವಳಾಗಿದ್ದ ನಾಗವಲ್ಲಿ ತಮಿಳುನಾಡಿಗೆ ವಾಪಸ್ ಹೋಗುವಾಗ ತಮಿಳೇ ಮರೆತಿದ್ಲು. ಸೋ ನಿಮ್ಮ ಮೊದಲನೇ ಪ್ರಶ್ನೆಗೆ ಉತ್ತರ: ಚಂದ್ರಮುಖಿ ಹುಟ್ಟಿದ್ದು ಕೇರಳದಲ್ಲಿ, ಬೆಳೆದಿದ್ದು ನಮ್ಮ ಬೆಂಗಳೂರಲ್ಲಿ.

ನಾನು ಇದನ್ನೆಲ್ಲ ಉಲ್ಟಾ ಆರ್ಡರ್‌ನಲ್ಲಿ ನೋಡಿದೋನು. ಮೊದಲು ಆಪ್ತಮಿತ್ರ, ಥಿಯೇಟರಲ್ಲಿ, ಅಮ್ಮನ ಜೊತೆ. ಸೌಂದರ್ಯ ಆ ಏಪ್ರಿಲ್‌ನಲ್ಲಿ ಬೆಂಗಳೂರಲ್ಲೇ ವಿಮಾನ ಅಪಘಾತದಲ್ಲಿ ತೀರ್ಕೊಂಡಿದ್ರು, ಸಿನಿಮಾ ಬಂದಿದ್ದು ಆಗಸ್ಟಲ್ಲಿ. ವಿಷ್ಣುವರ್ಧನ್ ಬಂದಾಗ ಶಿಳ್ಳೆ ಹೊಡೀತಿದ್ದ ಜನಾನೇ ಸೌಂದರ್ಯ ಸ್ಕ್ರೀನ್ ಮೇಲೆ ಬಂದಾಗ ಸುಮ್ನಾಗ್ತಿದ್ರು, ಪಕ್ಕದಲ್ಲಿ ಅಮ್ಮ ಸೆರಗಲ್ಲಿ ಮೂಗು ಒರೆಸ್ಕೊಂಡಿದ್ದು ಇನ್ನೂ ಜ್ಞಾಪಕ ಇದೆ. ಸತ್ತ ನರ್ತಕಿ ಬದುಕಿರೋಳ ಮೈಮೇಲೆ ಬರೋ ಕತೇಲಿ ಬದುಕಿರೋಳ ಪಾತ್ರ ಮಾಡಿದೋರೇ ಇಲ್ಲ ಅನ್ನೋದು ಎಂಥ ವಿಚಿತ್ರ ನೋಡಿ. ಅದಾದ್ಮೇಲೆ ಹಾಸ್ಟೆಲ್‌ನಲ್ಲಿ ಹೊಸೂರು ಕಡೆ ಹುಡುಗ ಒಬ್ಬ ಚಂದ್ರಮುಖಿ ತೋರಿಸ್ದ, 'ಲಕ ಲಕ ಲಕ' ಅಂತ ರಜನಿ ಅಂದಾಗ ನಾನು ಇದು ನಮ್ಮ ವಿಷ್ಣು ದಾದಾ 'ಹೌಲಾ ಹೌಲಾ' ಅಂದಿದ್ದ ಜಾಗ ಕಣೋ ಅಂದೆ, ಒಂದು ವಾರ ಮಾತು ಬಿಟ್ಟಿದ್ದ. ಇಬ್ಬರ ಬಾಯೂ ಮುಚ್ಚಿಸಿದ್ದು ತ್ರಿಶೂರಿನ ರೂಮ್‌ಮೇಟ್, ಓಣಂ ರಜೆ ಮುಗಿಸ್ಕೊಂಡು ಬರುವಾಗ ಮಣಿಚಿತ್ರತಾಳ್ ಸಿಡಿ ತಂದು ಮಾತಿಲ್ಲದೆ ಹಾಕ್ಬಿಟ್ಟ. ಅದರಲ್ಲಿ ಎದುರು ಮನೆಯವನ ಪಾತ್ರ ಮಾಡಿರೋದು ಯಾರು ಗೊತ್ತಾ, ಸಂತ ಶಿಶುನಾಳ ಶರೀಫ ಸಿನಿಮಾದ ನಮ್ಮ ಶ್ರೀಧರ್! ನಾನು ಕೂಗಿದ್ದಕ್ಕೆ ಪಕ್ಕದ ರೂಮಿನೋರು ಬಾಗಿಲು ತಟ್ಟಿದ್ರು.

ಈಗ ಮಸಾಲೆ ವಿಷಯಕ್ಕೆ ಬರೋಣ. ಮಲಯಾಳಂನಲ್ಲಿ ಮೋಹನ್‌ಲಾಲ್ ಮುಕ್ಕಾಲು ಗಂಟೆ ಆದ್ರೂ ಬರೋದೇ ಇಲ್ಲ. ಅಷ್ಟು ಹೊತ್ತು ಆ ಮನೆ, ಮನೆಯೋರ ಭಯ, ಇನ್ನಸೆಂಟು, ಪಪ್ಪು ಅನ್ನೋ ಹಾಸ್ಯನಟರ ಪರದಾಟ, ಗಂಗಾಳ ಕುತೂಹಲ, ಇಷ್ಟೇ. ಭಯ ಬೀಳೋರೇ ಕಾಮಿಡಿ, ಕಾಮಿಡಿ ಮಾಡೋರೇ ಕತೆ. ರಜನಿ ಸಿನಿಮಾದಲ್ಲಿ ಹಂಗೆ ಮುಕ್ಕಾಲು ಗಂಟೆ ಕಾಯ್ಸಿದ್ರೆ ಸೀಟು ಹರಿದು ಹಾಕ್ತಾರೆ. ಅಲ್ಲಿ ಮೊದಲು ಬೂಟಿನ ಅಟ್ಟೆ ಕಾಣ್ಸತ್ತೆ, ಫೈಟು, ಆಮೇಲೆ ಎಸ್‌ಪಿಬಿ ಧ್ವನೀಲಿ ದೇವುಡಾ ದೇವುಡಾ. ಹೀರೋ ಮನೋವೈದ್ಯ ಅಂತೆ, ಆದ್ರೆ ಹತ್ತು ಜನಕ್ಕೆ ಒಬ್ಬನೇ ಹೊಡೀತಾನೆ. ಇರಲಿ, ನಂಗೇನೂ ಬೇಜಾರಿಲ್ಲ, ಹಿಂದಿನ ಬಾಬಾ 2002ರಲ್ಲಿ ಮಕಾಡೆ ಮಲಗಿತ್ತು, ರಜನಿಗೆ ಒಂದು ಗೆಲುವು ಬೇಕಿತ್ತು, ಅಭಿಮಾನಿಗಳಿಗೆ ಅದಕ್ಕಿಂತ ಜಾಸ್ತಿ ಬೇಕಿತ್ತು. 2005ರ ಏಪ್ರಿಲ್ 14, ತಮಿಳು ಹೊಸ ವರ್ಷದ ದಿನ ಬಂದು ಚೆನ್ನೈನ ಶಾಂತಿ ಥಿಯೇಟರಲ್ಲಿ 800 ದಿನಕ್ಕೂ ಜಾಸ್ತಿ ಓಡ್ತು. ನಿರ್ಮಾಪಕರಾದ ಶಿವಾಜಿ ಗಣೇಶನ್ ಮನೆಯವರದ್ದೇ ಥಿಯೇಟರ್ ಅದು ಅಂತ ಕೊಂಕು ಮಾತಾಡೋರು ಇದ್ದಾರೆ, ಆದ್ರೆ ಹಿಟ್ ಅಂತೂ ಸುಳ್ಳಲ್ಲ.

ನಂಗೆ ನಿಜವಾಗ್ಲೂ ಮಜಾ ಅನ್ಸಿದ್ದು ಕ್ಲೈಮ್ಯಾಕ್ಸು. ಮಲಯಾಳಂ, ತಮಿಳು ಎರಡರಲ್ಲೂ ಉಪಾಯ ಒಂದೇ, ತಿರುಗೋ ಹಲಗೆ ಮೇಲೆ ಒಬ್ಬ ಮನುಷ್ಯನ್ನ ಮಲಗಿಸೋದು, ಅವಳು ಕೊಲ್ಲೋಕೆ ಬಂದಾಗ ಹಲಗೆ ಮಗುಚಿ ಕೆಳಗಡೆ ಕಟ್ಟಿರೋ ಗೊಂಬೆ ಮೇಲೆ ಬರೋದು, ಸೇಡು ತೀರ್ತು ಅಂತ ಅವಳು ಶಾಂತ ಆಗೋದು. ಮಲಯಾಳಂನಲ್ಲಿ ಆ ಹಲಗೆ ಮೇಲೆ ಮಲಗೋದು ಗಂಡ, ಅಂದ್ರೆ ಸುರೇಶ್ ಗೋಪಿ. ಹೀರೋ ಪಕ್ಕದಲ್ಲಿ ನಿಂತು ಲೆಕ್ಕ ಹಾಕೋನು, ಪ್ರಾಣ ಒತ್ತೆ ಇಡೋನು ಕಟ್ಕೊಂಡೋನು, ತನ್ನ ಹೆಂಡತಿ ಕೈಲೇ ಸಾಯಬಹುದು ಅಂತ ಗೊತ್ತಿದ್ದೂ ಮಲಗ್ತಾನೆ. ತಮಿಳಲ್ಲಿ ರಜನಿನೇ ನರ್ತಕೀನ ಕೊಂದ ವೇಟ್ಟೈಯನ್ ರಾಜನ ವೇಷ ಹಾಕ್ಕೊಂಡು ಮಲಗ್ತಾರೆ, ಗಂಡ ಪ್ರಭು ಪಕ್ಕದಲ್ಲಿ ನಿಂತು ನೋಡೋನು. ಒಂದು ಹಲಗೆ ಮೇಲೆ ಯಾರು ಮಲಗ್ತಾರೆ ಅನ್ನೋದು ಬದಲಾಗಿದ್ದಕ್ಕೆ ಗಂಡ ಹೆಂಡತಿ ಕತೆ ಹೋಗಿ ಹೀರೋ ಕತೆ ಆಯ್ತು. ಪಾಪ ಪ್ರಭುಗೆ ಉಳಿದಿದ್ದು 'ಎನ್ನ ಕೊಡುಮೈ ಸರವಣನ್ ಇದು' (ಇದೆಂಥ ಘೋರ ಸರವಣನ್) ಅನ್ನೋ ಒಂದು ಡೈಲಾಗು, ಅದೂ ಈಗ ತಮಿಳರಿಗೆ ಬಸ್ ತಪ್ಪಿದ್ರೂ ಹೇಳೋ ಮಾತಾಗಿದೆ.

ತಮಿಳಲ್ಲಿ ಗಂಗಾ ಆದ ಜ್ಯೋತಿಕಾ ಬಗ್ಗೆ ಜನ ಜಗಳ ಆಡ್ತಾರೆ. ಮಲಯಾಳಂನ ಗಂಗಾ ಶೋಭನಾ ಜೊತೆ ಹೋಲಿಸೋದು ಬೇಡ, ಅವರು ಭರತನಾಟ್ಯದೋರು, ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಕೈಬೆರಳಲ್ಲೇ ಭಾಷೆ ಬದಲಾಗೋದು ಕಾಣ್ಸತ್ತೆ. ಜ್ಯೋತಿಕಾ ಹತ್ರ ಇದ್ದಿದ್ದು ಕಣ್ಣು. ಗಂಡ ಹೋಗ್ಬೇಡ ಅಂದಾಗ ಮಂಚ ಎತ್ತೋ ಸೀನಲ್ಲಿ ಆ ಕಣ್ಣನ್ನ ಎಷ್ಟು ಬಳಸ್ಬೇಕೋ ಅದಕ್ಕಿಂತ ಸ್ವಲ್ಪ ಜಾಸ್ತಿನೇ ಬಳಸಿದ್ದಾರೆ, ಆದ್ರೆ ಸುತ್ತ ವಡಿವೇಲು ಕಿರುಚಾಟ, ರಜನಿ ಸ್ಟೈಲು ಇಷ್ಟೆಲ್ಲ ಗದ್ದಲ ಇರೋ ಕಡೆ ಮೆಲ್ಲಗೆ ಮಾಡಿದ್ರೆ ಯಾರ ಕಣ್ಣಿಗೆ ಬೀಳ್ತಿತ್ತು?

ನೋಡೋದಾದ್ರೆ ಮೊದಲು ಮಲಯಾಳಂದು ನೋಡಿ, ಸಬ್‌ಟೈಟಲ್ ಹಾಕ್ಕೊಂಡು. ಆಮೇಲೆ ಆಪ್ತಮಿತ್ರ, ಆಮೇಲೆ ಚಂದ್ರಮುಖಿ. ಕೊನೇದನ್ನ ಒಬ್ಬರೇ ಕೂತು ನೋಡ್ಬೇಡಿ, ನಾಲ್ಕು ಜನ ಇರ್ಬೇಕು, ಬೋಂಡಾ ಇರ್ಬೇಕು. ಮತ್ತೆ ಆ ದೊಡ್ಡ ಹಾವು ಯಾಕಿದೆ ಅಂತ ಕೇಳ್ಬೇಡಿ, ಮಲಯಾಳಂನಲ್ಲಿ ಹಾವೇ ಇಲ್ಲ, ಕನ್ನಡದಲ್ಲಿ ಸೇರ್ಕೊಂಡು ತಮಿಳಿಗೂ ಹಿಂದೇನೇ ಹೋಯ್ತು. ಎರಡರಲ್ಲೂ ಅದು ಯಾರಿಗೂ ಕಚ್ಚಲ್ಲ, ಯಾರೂ ಅದರ ಬಗ್ಗೆ ವಿವರಣೆನೂ ಕೊಡಲ್ಲ. ಹೊಸೂರಿನ ಗೆಳೆಯ ಈಗ್ಲೂ ಫೋನ್ ಮಾಡಿದಾಗ ಕೇಳ್ತಾನೆ, ಏನ್ ಮಗಾ, ನಿಮ್ಮ ಹಾವು ಹೆಂಗಿದೆ ಅಂತ.